ಸೊಸೆಯರ ಗೆರೆ

ನವೆಂಬರ್ ೯, ಭಾನುವಾರ

ಹೊಸ ಸೋಫಾ ಬಂತೆಂದು ಮೈದುನ ನನ್ನನ್ನು ಕೇಳದೆ ನಡುಮನೆಯ ಗೋಡೆಗೆ ಬಣ್ಣ ಬಳಿಸಿಬಿಟ್ಟಿದ್ದಾನೆ. ಚಂಡಮಾರುತ ಬಂದಾಗಲೆಲ್ಲ ಕಡಲ ನೀರು ಏರಿದ ಮಟ್ಟಕ್ಕೆ ಈ ಮನೆಯ ಸೊಸೆ ಅಡುಗೆಮನೆಯ ಚಾಕುವಿನಿಂದ ಅಲ್ಲಿ ಗೆರೆ ಕೊರೆಯುತ್ತಾಳೆ. ಅತ್ತೆಯ ಅತ್ತೆ ಕೊರೆದದ್ದು ಕಾಲ್ಗಂಟಿನ ಎತ್ತರಕ್ಕೆ, ಅತ್ತೆ ಮೊಣಕಾಲಿಗೆ, ನಾನು ಸೊಂಟಕ್ಕೆ. ಆ ಮೂರು ಚಂಡಮಾರುತಗಳೂ ಬಂದದ್ದು ಮಳೆಗಾಲ ಮುಗಿಯಿತೆಂದು ಊರೆಲ್ಲ ಉಸಿರು ಬಿಟ್ಟ ಮೇಲೆ, ಇದೇ ತಿಂಗಳಲ್ಲಿ.

“ಅದೆಲ್ಲ ಹಳೇ ಕಥೆ ಅತ್ತಿಗೆ. ಬಂದೋರು ನೋಡಿ ಹೆದರ್ಕೋತಾರೆ,” ಎಂದ.

“ಹೆದರ್ಲಿ ಅಂತಾನೇ ಕೊರೆದಿದ್ದು ಕಣೋ!”

ಅವನ ಕಣ್ಣೆದುರೇ ಅದೇ ಚಾಕು ತಂದು ಮೂರು ಗೆರೆಗಳನ್ನೂ ಮತ್ತೆ ಕೊರೆದೆ. ಅವನ ಸೋಫಾ ನನ್ನ ಗೆರೆಯ ಕೆಳಗೆ ಪೂರ್ತಿ ಮುಳುಗುತ್ತದೆ, ಅಷ್ಟೂ ಹೊಳೆದಿಲ್ಲ ಮಹಾರಾಯನಿಗೆ. ಕೈಗೆ ಬೊಬ್ಬೆ ಬಂದಿದೆ, ಬರೆಯಲಾಗುತ್ತಿಲ್ಲ. ಬರಲಿ. ಹೊಸ ಬಣ್ಣದ ಮೇಲೆ ಗೆರೆಗಳು ಮೊದಲಿಗಿಂತ ಎದ್ದು ಕಾಣುತ್ತಿವೆ.