ಐದು ಬೆರಳಿನ ತಟ್ಟೆ

ಬಾಶೆಟ್ಟಿಹಳ್ಳಿ
೧೨-೨-೨೦೨೫

ಕೋಪ ಇಳಿಯದ ಅಮ್ಮನಿಗೆ ಜ್ಯೋತಿಲಕ್ಷ್ಮಿ ಮಾಡುವ ನಮಸ್ಕಾರ.

ಸಂಕ್ರಾಂತಿಯಿಂದ ನನ್ನ ಫೋನ್ ಎತ್ತುತ್ತಿಲ್ಲ ನೀನು. ಎತ್ತಬೇಡ ಬಿಡು. ಕರೆಂಟ್ ಬಿಲ್ಲನ್ನೂ ತಿರುಗಿಸಿ ಮುರುಗಿಸಿ ಓದುವವಳು, ಮಗಳ ಕಾಗದ ಓದದೆ ಇರುತ್ತೀಯಾ?

ಹಬ್ಬದ ದಿನ ಹಾಲು ಕರೆದು ಬಂದವಳೇ ಎಣ್ಣೆ ಬಟ್ಟಲು ಹಿಡಿದು ನನ್ನ ತಲೆಗೆ ಹಚ್ಚಲು ಕೂತೆ. ನಾನು ಎದ್ದು ದೂರ ನಿಂತು, ಸಗಣಿ ಕೈಯಲ್ಲಿ ಮುಟ್ಟಬೇಡ ಎಂದುಬಿಟ್ಟೆ. ನೆಂಟರೆಲ್ಲ ಇದ್ದರು. ನೀನು ಬಟ್ಟಲು ಇಟ್ಟು ಒಳಗೆ ಹೋದೆ.

ಅವತ್ತು ನನಗೆ ಇದ್ದದ್ದು ಕೆಲಸದ ಭಯ. ನಮ್ಮ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಬಿಡುವ ಔಷಧಿ ತುಂಬುವ ಕೋಣೆಗೆ ಹೋಗುವವರು ಗ್ಲೌಸ್ ಹಾಕಿದ ಐದೂ ಬೆರಳನ್ನು ಜೆಲ್ಲಿ ತಟ್ಟೆಯ ಮೇಲೆ ಒತ್ತಬೇಕು. ಐದಾರು ದಿನ ಬಿಟ್ಟು ನೋಡಿದರೂ ಅದರಲ್ಲಿ ಯಾವ ಕ್ರಿಮಿಯೂ ಬೆಳೆದಿರಬಾರದು. ನನ್ನದರಲ್ಲಿ ಎರಡು ಸಲವೂ ಬಿಳಿ ಚುಕ್ಕೆ ಎದ್ದಿದ್ದವು. ಮೂರನೇ ಸಲವೂ ಎದ್ದರೆ ಆ ಕೋಣೆಯ ಬಾಗಿಲು ಮುಚ್ಚಿದ ಹಾಗೆ. ಮೂರು ವರ್ಷ ಕಾದು ಸಿಕ್ಕಿದ ಜಾಗ ಅಮ್ಮಾ! ಆಗಾಗ ಊರಿಗೆ ಬಂದು ಹೋಗುತ್ತೇನಲ್ಲ, ನಮ್ಮ ಹಸುಗಳಿಂದಲೇ ಹೀಗಾಯಿತು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಹಬ್ಬ ಮುಗಿಸಿ ಬಂದ ಮೇಲೆ ಲ್ಯಾಬಿನ ಝೋಯಾ ಮೇಡಂ ನನ್ನ ಕೈ ನೋಡಿ ದಂಗಾದರು. ಆ ಕೋಣೆಗೆ ಸೇರಿದ ದಿನದಿಂದ ನಾನು ರೂಮಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿ, ಪಾತ್ರೆ ಉಜ್ಜುವ ನಾರಿನಿಂದ ಮೊಣಕೈವರೆಗೂ ತಿಕ್ಕುತ್ತಿದ್ದೆ. ಚರ್ಮ ಬಿರುಕು ಬಿಟ್ಟಿತ್ತು. ಚುಕ್ಕೆಗಳು ಹಸುವಿನವಲ್ಲ, ನನ್ನ ಚರ್ಮದ ಮೇಲೇ ಮನೆ ಮಾಡಿಕೊಂಡಿರುವ ಸೂಕ್ಷ್ಮಜೀವಿಗಳು ಎಂದರು. ಎಲ್ಲರ ಮೈಮೇಲೂ ಕೋಟಿಗಟ್ಟಲೆ ಇರುತ್ತವಂತೆ, ಮೇಡಂ ಮೈಮೇಲೂ. ಕೆಟ್ಟವಕ್ಕೆ ಜಾಗ ಬಿಡದೆ ನಮ್ಮನ್ನು ಕಾಯುತ್ತವಂತೆ. ಔಷಧಿಯೊಳಗೆ ಬೀಳಬಾರದು, ಅಷ್ಟೇ. ನಾನು ತಿಕ್ಕಿ ತಿಕ್ಕಿ ಹೊಟ್ಟು ಎಬ್ಬಿಸಿದ್ದೆ. ಗ್ಲೌಸ್ ಹಾಕುವಾಗ ಆ ಹೊಟ್ಟಿನ ಜೊತೆ ಅವೂ ಉದುರಿ ಗ್ಲೌಸಿನ ಹೊರಮೈಗೆ ಅಂಟುತ್ತಿದ್ದವು.

ನಾರು ಎಸೆದೆ, ಮುಲಾಮು ಹಚ್ಚಿದೆ. ಮೂರನೇ ತಟ್ಟೆ ಮೊನ್ನೆ ತೋರಿಸಿದರು. ಒಂದು ಚುಕ್ಕೆಯೂ ಇಲ್ಲ! ನನ್ನ ಜಾಗ ನನ್ನದೇ. ಸದ್ಯಕ್ಕೆ ಒಂದು ತಿಂಗಳು ಪ್ಯಾಕಿಂಗ್ ಕಡೆ ಇರುತ್ತೇನೆ, ಅದೇನೂ ದೊಡ್ಡ ವಿಷಯವಲ್ಲ.

ಇನ್ನೊಂದು ಮಾತು. ಹುಟ್ಟಿದ ಮಗುವಿನ ಮೈಗೆ ಈ ಜೀವಿಗಳು ಮೊದಲು ಬರುವುದು ಹೆಚ್ಚಾಗಿ ತಾಯಿಯಿಂದಲೇ ಅಂತ ಮೇಡಂ ಹೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ತಪ್ಪಾಯಿತಮ್ಮ. ಭಾನುವಾರ ಘಾಟಿ ಬಸ್ಸಿಗೆ ಬರುತ್ತೇನೆ. ಎಣ್ಣೆ ಬಟ್ಟಲು ತೆಗೆದಿಡು.

ಇಂತಿ ನಿನ್ನ ಬಾಯಿಬಡುಕಿ
ಜ್ಯೋತಿ

ತಾ.ಕ.: ಪ್ಯಾಕಿಂಗ್‌ಗೆ ಯಾಕೆ ಹಾಕಿದರು ಅಂತ ನೀನು ಕೇಳಿಯೇ ಕೇಳುತ್ತೀಯ. ಎರಡನೇ ಸಲ ಚುಕ್ಕೆ ಎದ್ದಾಗ ಕಾರಣ ಬರೆದುಕೊಡು ಎಂದಿದ್ದರು. ಮನೆಯಲ್ಲಿ ದನಗಳಿವೆ, ತಾಯಿಯ ಕೈ ಸ್ವಚ್ಛವಿರುವುದಿಲ್ಲ ಎಂದು ಬರೆದು ಸಹಿ ಹಾಕಿದ್ದೆ. ಪಾಸಾದ ಮೇಲೆ ಆ ಕಾಗದವನ್ನು ಯಾರೂ ತೆಗೆದು ನೋಡುತ್ತಿರಲಿಲ್ಲ. ನಿನ್ನೆ ನಾನೇ ಕೇಳಿ ತೆಗೆಸಿದೆ. ಆ ಸಾಲಿನ ಮೇಲೆ ಗೀಟು ಎಳೆದು, ಯಾರಿಗೂ ಹೇಳದೆ ಬ್ಲೀಚಿಂಗ್ ಪುಡಿ ಬಳಸಿದವಳು ನಾನು ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದೆ. ನಿಯಮ ಮುರಿದದ್ದಕ್ಕೆ ಈ ಒಂದು ತಿಂಗಳು. ಪ್ಯಾಕಿಂಗ್‌ನಲ್ಲಿ ಗ್ಲೌಸ್, ತಟ್ಟೆಗಳ ಗೊಡವೆ ಇಲ್ಲ, ಭಾನುವಾರ ಹಾಲು ನಾನೇ ಕರೆಯುತ್ತೇನೆ.