ಕರಡಿಗೆಯಲ್ಲಿದ್ದ ಎರಡನೇ ಲಿಂಗ

ಇಳಕಲ್ಲ, ೧೯೭೪

ಅವ್ವಾ,

ಇವತ್ತು ನಿನ್ನನ್ನು ಮಣ್ಣಿಗಿಡುವ ಮುಂಚೆ, ಲಿಂಗವನ್ನು ಅಂಗೈಯಲ್ಲಿಡಲೆಂದು ಮಠದ ಅಯ್ಯನವರು ನಿನ್ನ ಕೊರಳಿನ ಕರಡಿಗೆ ಬಿಚ್ಚಿದರು. ಒಳಗೆ ಎರಡು ಲಿಂಗಗಳಿದ್ದವು.

ನಿನ್ನ ತಂಗಿ ಗುರುಲಿಂಗವ್ವ ಚಿಗವ್ವ ಆಗ ಬಾಯಿಬಿಟ್ಟಳು. “ಇನ್‌ಫ್ಲುಯೆಂಜಾ ಬಂದ ವರ್ಷ ಮನಿ ಮನಿಗೂ ಹೆಣ ಬಿದ್ದಿದ್ವು. ನೀ ಇನ್ನಾ ಹುಟ್ಟಿರಲಿಲ್ಲ. ನಿಮ್ಮವ್ವ ಜ್ವರದಾಗ ಎಚ್ಚರಿಲ್ಲದ ಮಲಗಿದ್ಲು. ಆಕಿ ಚೊಚ್ಚಲ ಹೆಣ್ಣಕೂಸು ಸತ್ತಿತ್ತು. ಗಾಡ್ಯಾಗ ಒಯ್ದು ಎಲ್ಲಾರ ಜೋಡಿ ಒಂದ ಕುಣಿಗೆ ಹಾಕಿದ್ರು. ಹುಟ್ಟಿದಾಗ ಕೂಸಿಗೆ ಕಟ್ಟಿದ್ದ ಲಿಂಗ ತೊಟ್ಟಿಲದಾಗ ಉಳೀತು.”

ನೀನು ದಿನಾ ಗೋಡೆಗೆ ಮುಖಮಾಡಿ ಪೂಜೆಗೆ ಕೂರುತ್ತಿದ್ದೆ. “ಒಂದು ಲಿಂಗಕ್ಕ ಎಷ್ಟೊತ್ತ ಬೇ?” ಎಂದು ನಾನು ರೇಗುತ್ತಿದ್ದೆ.

ಎರಡನ್ನೂ ನಿನ್ನ ಕೈಯಲ್ಲಿಟ್ಟೆವು. ಕೂಸಿನ ಹೆಸರು ಚಿಗವ್ವನಿಗೂ ನೆನಪಿಲ್ಲ.

ನಮ್ಮಕ್ಕನ ಹೆಸರೇನಿತ್ತವ್ವ?