ಕುರ್ಚಿ ಹೊತ್ತವನ ಸಿನಿಮಾ

ಕಾಕಾ,

ನಿನ್ನ ಕಂಪನಿಯವರು ಕುಷ್ಟಗಿಯಲ್ಲಿ ನಿನಗೊಂದು ಶ್ರದ್ಧಾಂಜಲಿ ಸಭೆ ಮಾಡಿದರು. ನಿನ್ನ ಫೋಟೋವನ್ನು ಕುರ್ಚಿಯ ಮೇಲೆ ಇಟ್ಟಿದ್ದರು. ಕೆಂಪು ಮೆತ್ತೆಯ ಕುರ್ಚಿ, ನಾಟಕದಲ್ಲಿ ಸಾಹುಕಾರ ಕೂರುತ್ತಿದ್ದನಲ್ಲ, ಅದೇ. ಅದಕ್ಕೊಂದು ಶಾಲು, ಒಂದು ಹಾರ. ಅಷ್ಟು ವರ್ಷ ಆ ನಾಟಕ ಕಂಪನಿಯಲ್ಲಿ ಹಾಸ್ಯದ ಪಾತ್ರ ಮಾಡಿದೆ. ಮಾಲಕರ ಮುಂದೆ ಒಂದು ದಿನವಾದರೂ ಕೂತಿದ್ದೆಯಾ? ನಿನಗೆ ಕುರ್ಚಿ ಸಿಗಬೇಕಾದರೆ ಮೊದಲು ನೀನು ಫೋಟೋ ಆಗಬೇಕಿತ್ತು ನೋಡು. ನನಗೆ ಅಳು ಬರಲಿಲ್ಲ. ನೀನು ತೋರಿಸಿದ ಫ್ರಾನ್ಸ್ ದೇಶದ ಆ ಹಳೇ ಸಿನಿಮಾ ನೆನಪಾಯಿತು, ನಗು ಒತ್ತಿಕೊಂಡು ಬಂತು. ಬಾಯಿಗೆ ವೇಲು ಹಿಡಿದೆ. ಪಕ್ಕದಲ್ಲಿದ್ದ ಹೆಂಗಸು ನಾನು ಅಳುತ್ತಿದ್ದೇನೆಂದುಕೊಂಡು ಬೆನ್ನು ಸವರಿದಳು.

ಆ ಸಿನಿಮಾವನ್ನು ಮೊದಲ ಸಲ ತೋರಿಸಿದ ದಿನ ನಾನು ನಿದ್ದೆ ಹೋಗಿದ್ದೆ. ಸುಳ್ಳು ಯಾಕೆ ಹೇಳಲಿ? ಕಂಪನಿ ಬಿಟ್ಟ ಮೇಲೆ ನೀನು ಸಾಣಾಪುರದ ಕೆರೆ ಹತ್ತಿರದ ಗೆಸ್ಟ್ ಹೌಸಿನಲ್ಲಿ ಅಡುಗೆಗೆ ಸೇರಿದ್ದೆ. ಅಲ್ಲಿ ಇಳಿದುಕೊಂಡಿದ್ದ ಫ್ರೆಂಚ್ ಮುದುಕಿಯೊಬ್ಬಳು, ನೀನು ಚಹಾದ ತಟ್ಟೆ ಹಿಡಿದು ಬರುವ ರೀತಿ ನೋಡಿ ನಕ್ಕು, ಪೆನ್‌ಡ್ರೈವಿನಲ್ಲಿ ಇದನ್ನು ಹಾಕಿ ಕೊಟ್ಟಿದ್ದಳು. ಹಬ್ಬಕ್ಕೆ ಬಟ್ಟೆ ತಂದವನ ಹಾಗೆ ನೀನು ಅದನ್ನು ಕುಷ್ಟಗಿಗೆ ತಂದು ನಮ್ಮ ಟಿವಿಗೆ ಸಿಕ್ಕಿಸಿದೆ. ಕಪ್ಪು ಬಿಳುಪು. ಹಾಡಿಲ್ಲ, ಹೊಡೆದಾಟವಿಲ್ಲ, ಮಾತೂ ಇಲ್ಲವೆನ್ನುವಷ್ಟು ಕಡಿಮೆ. ಒಬ್ಬ ಸಣಕಲ ಮನುಷ್ಯ ಒಂದು ಬೆತ್ತದ ಕುರ್ಚಿಯನ್ನು ಯಾರದೋ ಮನೆಗೆ ಮುಟ್ಟಿಸಬೇಕು. ಮನೆ ಸಿಗುವುದಿಲ್ಲ. ಊರೆಲ್ಲ ಹೊತ್ತು ತಿರುಗುತ್ತಾನೆ. ಇಷ್ಟೇ ಕತೆ. ನಾನು ಗೋಡೆಗೆ ಒರಗಿ ಗೊರಕೆ ಹೊಡೆದೆ. ಎದ್ದು ನೋಡಿದರೆ ನೀನು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಭುಜ ಕುಲುಕುತ್ತ ನಗುತ್ತಿದ್ದೆ.

"ಇದ್ರಾಗ ನಗೂವಂಥಾದ್ದು ಏನೈತಿ ಕಾಕಾ?" ಎಂದು ಕೇಳಿದೆ.

"ಏ ರೇಣಿ, ನಡುವ ನೋಡಬ್ಯಾಡವಾ, ಮೂಲಿ ನೋಡು," ಎಂದೆ ನೀನು.

ಎರಡನೇ ಸಲ ಮೂಲೆ ನೋಡಿದೆ. ಬೇಕರಿಯ ಮುಂದೆ ಸರದಿ ನಿಂತಿದೆ. ಅವನೂ ನಿಂತಿದ್ದಾನೆ, ಕುರ್ಚಿಯನ್ನು ಪಕ್ಕಕ್ಕೆ ಇಟ್ಟಿದ್ದಾನೆ. ಹಿಂದಿನವಳು ಮೆಲ್ಲಗೆ ಕೂತಳು. ಸರದಿ ಮುಂದೆ ಸರಿಯಿತು, ಅವಳು ಎದ್ದಳು, ಅವಳ ಹಿಂದಿನವನು ಕೂತ. ಹಾಗೆ ಸರದಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಕೂತು ಎದ್ದು ರೊಟ್ಟಿ ತಗೊಂಡು ಹೋದರು. ಕುರ್ಚಿ ಕಾಯುತ್ತ ಇವನು ಎಲ್ಲರಿಗಿಂತ ಹಿಂದೆ ಉಳಿದ. ಅಷ್ಟರಲ್ಲಿ ಬೇಕರಿಯ ಬಾಗಿಲು ಮುಚ್ಚಿತು. ಮುಚ್ಚಿದವನು ಬಗ್ಗಿ ನಮಸ್ಕಾರ ಬೇರೆ ಮಾಡಿದ! ಯಾರೂ ಇವನನ್ನು ಬೈಯಲಿಲ್ಲ, ನೂಕಲಿಲ್ಲ. ಎಲ್ಲರೂ ಬಹಳ ಮರ್ಯಾದಸ್ಥರು. ಮೇಲೆ ಒಂದು ಕಿಟಕಿಯ ಮೂಲೆಯಲ್ಲಿ ಒಂದು ಕೂಸು, ತನ್ನ ಪುಟ್ಟ ಸ್ಟೂಲನ್ನು ಎತ್ತಿಕೊಂಡು ಅವನ ಹಾಗೇ ನಿಂತಿತ್ತು. ಅದನ್ನು ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ಕ್ಯಾಮೆರಾ ದೂರ ನಿಂತು ಸುಮ್ಮನಿರುತ್ತದೆ. ಕಂಡರೆ ಕಂಡಿತು, ಇಲ್ಲದಿದ್ದರೆ... ಆಗ ನಾನು ನಕ್ಕೆ. ಸಿನಿಮಾ ಮುಗಿಯುವವರೆಗೆ ಆ ಮನುಷ್ಯ ಒಂದು ಸಲವೂ ಕೂರುವುದಿಲ್ಲ, ಗಮನಿಸಿದ್ದೆಯಲ್ಲ? ಕೊನೆಗೆ ಬಸ್ ಕಾಯುವ ಮುದುಕಿಗೆ ಕುರ್ಚಿ ಹಾಕುತ್ತಾನೆ. ಬಸ್ ಬರುತ್ತದೆ, ಮುದುಕಿ ಕುರ್ಚಿಯನ್ನೂ ಹತ್ತಿಸಿಕೊಂಡು ಕೈ ಬೀಸಿ ಹೋಗುತ್ತಾಳೆ. ಇವನು ಖಾಲಿ ಕೈ ನೋಡಿಕೊಳ್ಳುತ್ತಾನೆ. ಆಮೇಲೆ ಆ ಕೈಗಳನ್ನು ಎಲ್ಲಿ ಇಡಬೇಕೆಂದೇ ಅವನಿಗೆ ತಿಳಿಯುವುದಿಲ್ಲ.

ನಿನ್ನ ತಂಬಿಗೆಯ ಪ್ರಸಂಗ ನನಗೆ ಆಮೇಲೆ ಅರ್ಥವಾಯಿತು. ಸಾಹುಕಾರ ನೀರು ಕೇಳುತ್ತಾನೆ, ಆಳು ತುಂಬಿದ ತಂಬಿಗೆ ತರುತ್ತಾನೆ, ಅಷ್ಟರಲ್ಲಿ ಸಾಹುಕಾರ ಬೇರೆ ಕಡೆ ಹೋಗಿ ಕೂತಿರುತ್ತಾನೆ. ಸ್ಟೇಜಿನ ತುಂಬ ಅವನ ಹಿಂದೆ ನೀನು ಒಂದು ಹನಿ ಚೆಲ್ಲದೆ ಸುತ್ತುತ್ತಿದ್ದೆ. ಒಂದು ಮಾತಿಲ್ಲ. ಡಗ್ಗಾ ಬಾರಿಸುವವನಿಗೆ ಸುಮ್ಮನಿರು ಎಂದು ಹೇಳಿಟ್ಟಿದ್ದೆ. "ನಗಿ ಬಂದಲ್ಲೆಲ್ಲ ಡಗ್ಗಾ ಬಡದ್ರ ಮಂದಿ ಡಗ್ಗಾಕ್ಕ ನಗತಾರ. ನಗೀನ ಮಂದಿ ಕಿಸೇದಾಗ ಇಟ್ಟು ಬರಬೇಕು. ಮನಿಗೆ ಹೋಗಿ ಕೈ ಹಾಕಿದಾಗ ಸಿಗಬೇಕು" ಎನ್ನುತ್ತಿದ್ದೆ. ಜನ ಸಿಳ್ಳೆ ಹೊಡೆದು "ಒನ್ಸ್ ಮೋರ್" ಎಂದು ಕೂಗಿದರೆ ಸತ್ತ ಪಾತ್ರಧಾರಿಗಳೂ ಎದ್ದು ಇನ್ನೊಮ್ಮೆ ಸಾಯುವ ಕಂಪನಿ ಅದು. ನೀನೊಬ್ಬನೇ ಒಲ್ಲೆ ಎನ್ನುತ್ತಿದ್ದೆ. "ಬಿದ್ದಾಂವ ಹೇಳಿಸಿಕೊಂಡು ಎರಡನೇ ಸಲ ಬಿದ್ರ ಅದು ಬೀಳೂದಲ್ಲ, ಬೇಡೂದು."

ಕಂಪನಿ ಕುಷ್ಟಗಿಯಲ್ಲಿ ಕ್ಯಾಂಪ್ ಹಾಕಿದ್ದಾಗಿನ ಆ ಆಟ ನನ್ನ ಕಣ್ಣ ಮುಂದಿದೆ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಹಾಸ್ಯ ಎಂದರೆ ಒಂದು ಮಾತು, ಅದಕ್ಕೆ ಇನ್ನೊಂದು ಹೊಲಸು ಅರ್ಥ. ಮಾಲಕರು ನಿನಗೂ ಅಂಥ ಮಾತು ಬರೆಸಿ ಕೊಟ್ಟಿದ್ದರು. ನೀನು ಅದನ್ನು ಬಿಟ್ಟು ತಂಬಿಗೆ ಹಿಡಿದು ಹೊರಟೆ. ಮುಂದಿನ ಸಾಲಿನಿಂದ ಒಬ್ಬ ಕೂಗಿದ: "ಏ ಮೂಗಾ! ಬಾಯಾಗ ಏನ್ ಇಟ್ಕೊಂಡಿ? ಮಾತಾಡಲೇ!" ಜನ ಹೋ ಎಂದರು. ಪರದೆಯ ಪಕ್ಕದಲ್ಲಿ ಮಾಲಕರು ಹೇಳಿದ್ದನ್ನು ನಾನೂ ಕೇಳಿದೆ. "ಮಂದಿ ನಗಾಕ ಬಂದಾರಪ್ಪಾ, ಮೂಲ್ಯಾಗ ಏನೈತಿ ಅಂತ ಹುಡುಕಾಕ ಬಂದಿಲ್ಲ. ನಾಳಿಂದ ಪೆಟಿಗಿ ಕಟ್ಟಿ ನಿನ್ನ ದಾರಿ ನೀ ನೋಡ್ಕೋ." ನೀನು ಕೈ ಮುಗಿದೆ. ಯಾಕೆ ಮುಗಿದೆ? ಆ ತಂಬಿಗೆಯ ನೀರನ್ನಾದರೂ ಅವರ ತಲೆಯ ಮೇಲೆ ಸುರಿಯಬಾರದಿತ್ತೇ? ಸಾಣಾಪುರದಲ್ಲಿ ಪಾತ್ರೆ ತೊಳೆಯುವಾಗಲೂ "ಮಾಲಕರು ಛಲೋ ಮಂದಿನ" ಎನ್ನುತ್ತಿದ್ದೆ. ನಿನ್ನ ಮೇಲೆ ನನಗೆ ಆ ಸಿಟ್ಟು ಇನ್ನೂ ಇದೆ. ಸತ್ತವರ ಮೇಲೆ ಸಿಟ್ಟು ಇರಬಾರದಂತೆ. ಇದೆ, ಏನು ಮಾಡಲಿ?

ನಾನು ಸಾಲಿ ಬಿಟ್ಟ ವರ್ಷ ಎಲ್ಲರೂ ಕಾರಣ ಕೇಳಿದರು. ಬಡತನ ಎಂದಿದ್ದರೆ ಅಯ್ಯೋ ಎನ್ನುತ್ತಿದ್ದರು. ನಿಜ ಹೇಳಿದೆ: ನನಗೆ ಕೂರಲು ಆಗುವುದಿಲ್ಲ. ಹತ್ತನೇ ಕ್ಲಾಸಿನ ಬೆಂಚು ನನಗೆ ಮುಳ್ಳು. ಅವ್ವ ಹಣೆ ಬಡಿದುಕೊಂಡಳು. ನೀನೊಬ್ಬ ಮಾತ್ರ ಬೈಯಲಿಲ್ಲ. "ಕೂಡಾಕ ಬರೂದಿಲ್ಲ ಅಂದ್ರ ನಿಂದ್ರಾಕರ ಕಲಿ" ಎಂದು ಹಿತ್ತಲಲ್ಲಿ ನಿಲ್ಲಿಸಿ ಕಲಿಸಿದೆ. ಕೈ ಅಲ್ಲಾಡಬಾರದು, ನಗಿಸುತ್ತಿದ್ದೇನೆ ಎಂದು ಮುಖಕ್ಕೆ ಗೊತ್ತಾಗಬಾರದು. "ನಿನಗ ಕೆಲಸ ಐತಿ, ಆ ಕೆಲಸ ಮುಗೀವಲ್ದು. ಅಷ್ಟ. ನಗೂದು ಅವರ ಪಾಲಿಂದು." ಆ ವಿದ್ಯೆಯಿಂದ ಏನು ಸಿಕ್ಕಿತು ಹೇಳಲಾ? ಕಂಡಲ್ಲೆಲ್ಲ ಹಾಗೆ ಮಾಡಿ ತೋರಿಸಿ, ಊರಿನ ತುಂಬ ಹುಚ್ಚಿ ಎಂಬ ಹೆಸರು.

ಆ ಸಭೆಗೆ ಮತ್ತೆ ಬರುತ್ತೇನೆ. ಮಾಲಕರು ಮೈಕ್ ಹಿಡಿದು "ಮಾತಿಲ್ಲದೆ ನಗಿಸಿದ ಮಹಾನುಭಾವ" ಎಂದರು. ಕಣ್ಣು ಒರೆಸಿಕೊಂಡರು, ಆ ಒರೆಸಿಕೊಳ್ಳುವುದಕ್ಕೂ ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದು ಬಂದು ನನಗೆ ಹೇಳಿದರು:

"ನಿಮ್ಮ ಕಾಕಾನ ಜಾಗ ಖಾಲಿ ಐತವಾ. ಹುಡುಗಿ ಕಾಮಿಡಿ ಮಾಡ್ತಾಳ ಅಂದ್ರ ನಾಟಕದ ಶೆಡ್ ತುಂಬತೈತಿ. ಯಲಬುರ್ಗಾ ಕ್ಯಾಂಪಿಗೆ ಬಂದಬಿಡು. ಮಾತು ನಾವ ಬರದ್ ಕೊಡ್ತೀವಿ."

"ಎಂಥಾ ಮಾತ್ರಿ?" ಎಂದೆ.

ಅವರು ನಕ್ಕರು. "ಎಂಥಾವು ಅಂದ್ರ? ಮಂದಿಗೆ ಬೇಕಾದಂಥಾವು."

ಮನೆಗೆ ಬಂದ ಮೇಲೆ ಅವ್ವ ಹಿಡಿದುಕೊಂಡಳು. "ಏನ್ ತಪ್ಪೈತಿ? ನಿಮ್ಮ ಕಾಕಾನೂ ಅದ ಕಂಪನಿ ಅನ್ನ ಉಂಡಾನ. ಎಷ್ಟ ದಿನ ಹಿಂಗ ತಿರಗ್ಯಾಡ್ತಿ?" ಸ್ಟೇಜ್ ಬೇಕು ನನಗೆ. ಎಷ್ಟು ಬೇಕೆಂದರೆ, ಆ ಹೊಲಸು ಮಾತುಗಳನ್ನು ಬಾಯಲ್ಲಿ ಇಟ್ಟುಕೊಂಡಾದರೂ... ಯೋಚಿಸಿದೆ ಕಾಕಾ. ನಿನ್ನ ಮುಂದೆ ಮುಚ್ಚಿಡುವುದೇನು?

ಮೊನ್ನೆ ಅವ್ವನ ಜೊತೆ ಶ್ರೀರಾಮನಗರಕ್ಕೆ ನಾಟಿಗೆ ಹೋದೆ. ಕಾಲುವೆ ನೀರಿನ ಗದ್ದೆ. ನಮ್ಮೂರ ಹೆಂಗಸರು ಒಂದು ಕಡೆ, ಬಿಹಾರದ ಗಂಡಸರು ಇನ್ನೊಂದು ಕಡೆ, ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಗದ್ದೆಯ ಧಣಿ ತೆಲುಗಿನವರು. ಬದುವಿನ ಮೇಲೆ ಬಿಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಛತ್ರಿ ಹಿಡಿದು ಕೂರುವವರು. ನಾಟಿ ಮುಂದೆ ಸರಿದ ಹಾಗೆ ಅವರ ಕುರ್ಚಿಯೂ ಸರಿಯಬೇಕು. "ಏ ಅಮ್ಮಾಯಿ, ಈ ಕುರ್ಚಿ ತಗೊಂಡು ಆ ಕಡೆ ಬದುವಿನ ಮೇಲೆ ಇಡು" ಎಂದು ನನಗೆ ಹೇಳಿದರು.

ಎತ್ತಿಕೊಂಡೆ. ಬದು ಬೆಣ್ಣೆಯ ಹಾಗೆ ಜಾರುತ್ತಿತ್ತು. ನಾಲ್ಕು ಹೆಜ್ಜೆಗೆ ಎಡಗಾಲು ಕೆಸರಿಗೆ ಹೋಯಿತು. ಅದು ನಿಜವಾಗಿ ಜಾರಿದ್ದು, ನಟನೆಯಲ್ಲ. ಆದರೆ ಕುರ್ಚಿ ಮಾತ್ರ ನನ್ನ ಕೈಯಲ್ಲಿ ತಂಬಿಗೆಯ ಹಾಗೆ ನೆಟ್ಟಗೆ ನಿಂತಿತ್ತು. ಅಲ್ಲಿಂದ ಮುಂದೆ ನಾನು ನಡೆದದ್ದು ನಿನ್ನ ನಡಿಗೆ. ಮೊಣಕಾಲವರೆಗೆ ಹುಗಿದರೂ ಮುಖ ನೆಟ್ಟಗೆ. ಒಂದು ಕಾಲು ಕಿತ್ತರೆ ಇನ್ನೊಂದು ಒಳಗೆ. ಕುರ್ಚಿಗೆ ಒಂದು ಹನಿ ಕೆಸರು ಸಿಡಿಯಿತು. ನಿಂತು ವೇಲಿನಿಂದ ಒರೆಸಿದೆ, ಆ ಒರೆಸುವುದರಲ್ಲಿ ಸೊಂಟದವರೆಗೆ ಇಳಿದೆ. ಮೊದಲು ಬಿಹಾರದವನೊಬ್ಬ ನಕ್ಕ. ಆಮೇಲೆ ನಮ್ಮ ಹೆಂಗಸರು. ಆಮೇಲೆ ಇಡೀ ಗದ್ದೆ. ಮಾತು ಬೇಕಾಗಲಿಲ್ಲ ಕಾಕಾ, ಯಾರ ಮಾತೂ ಬೇಕಾಗಲಿಲ್ಲ. ಧಣಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಕುರ್ಚಿ ತಮ್ಮದು ಎಂಬುದನ್ನು ಮರೆತು. ನಾನು ಆಚೆ ಬದು ಮುಟ್ಟಿದ ಕೂಡಲೇ ಅವರೇ ಚಪ್ಪಾಳೆ ತಟ್ಟಿ, ತೆಲುಗಿನಲ್ಲಿ ಮತ್ತೊಮ್ಮೆ ಎಂದು ಕೂಗಿದರು: "ಮಳ್ಳೀ, ಮಳ್ಳೀ! ಇನ್ನೊಂದ್ಸಲ ಮಾಡಮ್ಮಾ!"

ನಾನು ಮಾಡಲಿಲ್ಲ. ಅಲ್ಲೇ ನಡು ಹಿಡಿದುಕೊಂಡು ನಿಂತಿದ್ದ ಹುಲಿಗೆವ್ವ ಆಯಿಯ ಹಿಂದೆ ಕುರ್ಚಿ ಹಾಕಿದೆ. "ಕೂಡ ಆಯಿ" ಎಂದೆ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ವಯಸ್ಸಾದವಳು. ಆಕೆ ಕುರ್ಚಿ ನೋಡಿದಳು, ಧಣಿಯ ಮುಖ ನೋಡಿದಳು, ಮತ್ತೆ ಬಗ್ಗಿ ಸಸಿ ಹಿಡಿದಳು. ಗದ್ದೆಯಲ್ಲಿ ನಗು ನಿಂತು ಹೋಯಿತು. ಧಣಿಯದೂ ನಿಂತಿತು. ನಕ್ಕದ್ದು ಯಾರ ಕುರ್ಚಿಗೆ ಎಂದು ಈ ಸಲ ಅವರಿಗೆ ಅರ್ಥವಾಗಿತ್ತು.

ಸಂಜೆ ಟೆಂಪೋ ಹತ್ತುವಾಗ ಮೇಸ್ತ್ರಿ ಹೇಳಿದ: "ನಾಳಿಂದ ನಿಮ್ಮ ಹುಡುಗೀನ ಕರಕೊಂಡು ಬರಬ್ಯಾಡ್ರಿ." ಕನಕಗಿರಿ ದಾಟಿದ ಮೇಲೆ ಮಾಲಕರ ಫೋನ್ ಬಂತು. ಯಲಬುರ್ಗಾದಲ್ಲಿ ಶೆಡ್ ಎದ್ದಿದೆ, ಪೋಸ್ಟರಿಗೆ ನನ್ನ ಫೋಟೋ ಬೇಕು. ಅವ್ವ ಮೊಣಕೈಯಿಂದ ತಿವಿದು "ಈಗರ ಹೂಂ ಅನ್ನ" ಎಂದಳು. ತಾವರಗೇರಾ ಬರುವುದರೊಳಗೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಹೂಂ ಎಂದೇ ಅನ್ನುವವಳಿದ್ದೆ. ಇನ್ನೇನು ಉಳಿದಿತ್ತು? ಮರ್ಯಾದೆಯಿಂದ ಕುರ್ಚಿ ಹಾಕಿದೆ, ಯಾರೂ ಕೂರಲಿಲ್ಲ, ಕೂಲಿ ಹೋಯಿತು. ನಿನಗಾದದ್ದೂ ಇದೇ ಅಲ್ಲವೇ?

ತಾವರಗೇರಾ ದಾಟಿತು. ಫೋನ್ ಕೈಯಲ್ಲಿತ್ತು. ಟೆಂಪೋದಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಯಾರೂ ಏನೂ ಅಂದಿರಲಿಲ್ಲ, ಏನೂ ನಡೆದಿರಲಿಲ್ಲ, ಹುಲಿಗೆವ್ವ ಆಯಿ ಒಬ್ಬಳೇ ಇದ್ದಕ್ಕಿದ್ದ ಹಾಗೆ ನಗತೊಡಗಿದಳು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದು. ಅವ್ವ ಬೆಚ್ಚಿ ಎದ್ದು "ಏನಾತ ಆಯಿ?" ಎಂದಳು.

"ಅಲ್ಲವಾ... ನಾ ಕೂತಿದ್ದೆ ಅಂದ್ರ... ನನ್ನ ಕೆಸರ ಸೀರಿ... ಆ ಬಿಳೇ ಕುರ್ಚಿಗೆ... ಆಮ್ಯಾಲ ಆಂವ ಎಲ್ಲಿ ಕೂಡ್ತಿದ್ದ್‌ನ ಯವ್ವಾ!"

ಫೋನ್ ಹಚ್ಚಿ ಮಾಲಕರಿಗೆ "ನಾ ಬರೂದಿಲ್ರಿ" ಎಂದೆ. ಯಾಕೆ ಎಂದರು. ಫೋನ್ ಇಟ್ಟೆ. ಅವ್ವನ ಸಿಟ್ಟು ಇನ್ನೂ ಇಳಿದಿಲ್ಲ, ನಾಳೆ ಎಲ್ಲಿ ಕೆಲಸ ಎಂದು ನನಗೂ ಗೊತ್ತಿಲ್ಲ. ಆದರೆ ನೀನು ಕೇಳದೆ ಹೋದ ಸುದ್ದಿ ಇದು, ನಿನಗಲ್ಲದೆ ಯಾರಿಗೆ ಹೇಳಲಿ? ನೀನು ಹೇಳುತ್ತಿದ್ದ ಆ ಕಿಸೆಗೆ ಹುಲಿಗೆವ್ವ ಆಯಿ ಕೈ ಹಾಕಿದಳು, ನಗು ಸಿಕ್ಕಿತು.

ಆಕೆ ಟೆಂಪೋದ ಮೂಲೆಯಲ್ಲಿ ಕೂತಿದ್ದಳು ಕಾಕಾ. ಅಲ್ಲಿಯವರೆಗೆ ನಾನು ಆ ಕಡೆ ನೋಡಿಯೇ ಇರಲಿಲ್ಲ.

ನಿನ್ನ
ರೇಣಿ